ಇಂಟರ್‌ನೆಟ್ ಫೋನಿನಿಂದ 112ಕ್ಕೆ ಕರೆ ಹೋಗುತ್ತದೆಯೇ?

ಬಸವಕಲ್ಯಾಣದ ಒಂದು ಲಾಡ್ಜನ್ನು ಊಹಿಸಿಕೊಳ್ಳಿ. ಬಸವಣ್ಣನವರ ಕರ್ಮಭೂಮಿ ನೋಡಲು ಬಂದ ದಂಪತಿ 204ನೇ ರೂಮಿನಲ್ಲಿದ್ದಾರೆ. ರಾತ್ರಿ ಎರಡು ಗಂಟೆಗೆ ಯಜಮಾನರಿಗೆ ಎದೆನೋವು ಶುರುವಾಗುತ್ತದೆ. ಮೊಬೈಲಿನಲ್ಲಿ ಚಾರ್ಜ್ ಇಲ್ಲ. ಮಂಚದ ಪಕ್ಕದಲ್ಲಿ ಲಾಡ್ಜಿನ ಫೋನಿದೆ. ಹೆಂಡತಿ ಗಾಬರಿಯಲ್ಲಿ 108 ಒತ್ತುತ್ತಾರೆ. ರಿಂಗ್ ಆಗುತ್ತದೆ. ಆ ಕಡೆಯಿಂದ ನಿದ್ದೆಗಣ್ಣಿನ ದನಿ: "ಯಾರ್ರೀ?" ಕರೆ ಹೋಗಿದ್ದು ಆಂಬುಲೆನ್ಸಿಗಲ್ಲ, ಕೆಳಗಿನ ಮಹಡಿಯ 108ನೇ ನಂಬರಿನ ರೂಮಿಗೆ.

ಇದು ನಡೆದ ಘಟನೆಯಲ್ಲ, ನಾವು ಕಟ್ಟಿದ ಉದಾಹರಣೆ. ಆದರೆ ರೂಮ್ ನಂಬರನ್ನೇ ಎಕ್ಸ್‌ಟೆನ್ಶನ್ ನಂಬರು ಮಾಡಿಕೊಂಡ ಯಾವ ಲಾಡ್ಜಿನಲ್ಲೂ, ಆಸ್ಪತ್ರೆಯಲ್ಲೂ ಹೀಗಾಗಬಹುದು. ಮೊದಲ ಮಹಡಿಯ ರೂಮುಗಳಿಗೆ 101ರಿಂದ 112ರವರೆಗೆ ನಂಬರು ಕೊಡುವುದು ಎಲ್ಲೆಡೆ ರೂಢಿ. ನಮ್ಮಲ್ಲಿ 101 ಅಗ್ನಿಶಾಮಕ ದಳದ ನಂಬರು, 108 ಆಂಬುಲೆನ್ಸು, 112 ಎಲ್ಲ ತುರ್ತು ಸೇವೆಗಳ ಒಂದೇ ನಂಬರು. ಮೂರೂ ಆ ಸಾಲಿನಲ್ಲೇ ಬಂದುಬಿಡುತ್ತವೆ.

ಲಾಡ್ಜು, ಆಸ್ಪತ್ರೆ, ಕಾರ್ಖಾನೆ, ಬ್ಯಾಂಕುಗಳ ಫೋನುಗಳು ಈಗ ಒಂದೊಂದಾಗಿ ಇಂಟರ್‌ನೆಟ್ ಮೇಲೆ ಓಡುವ ವ್ಯವಸ್ಥೆಗೆ ಬದಲಾಗುತ್ತಿವೆ. ಮನೆಯ ಲ್ಯಾಂಡ್‌ಲೈನು ಫೈಬರ್ ಆಗಿದೆ. ಹಳ್ಳಿಯ ಅಜ್ಜಿಯೂ ಪುಣೆಯಲ್ಲಿರುವ ಮೊಮ್ಮಗನ ಜೊತೆ ವಾಟ್ಸಾಪಿನಲ್ಲೇ ಮಾತಾಡುತ್ತಾಳೆ. ನೋಡಲು ಎಲ್ಲವೂ ಫೋನೇ. ಆದರೆ ತುರ್ತು ಕರೆಯ ವಿಷಯ ಬಂದಾಗ ಇವೆಲ್ಲ ಒಂದೇ ಅಲ್ಲ. ಏಕೆ ಅಲ್ಲ, ನಮ್ಮ ಫೋನು ಸರಿಯಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂಬುದನ್ನು ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಉದಾಹರಣೆಯಲ್ಲೇ ನೋಡೋಣ.

ತುರ್ತು ಕರೆಗೆ ಮೂರು ಕೆಲಸ

ಸಾಮಾನ್ಯ ಕರೆಯಲ್ಲಿ ನೀವು ಪೂರ್ತಿ ನಂಬರು ಒತ್ತುತ್ತೀರಿ. ಆ ನಂಬರು ಇಡೀ ದೇಶದಲ್ಲಿ ಒಬ್ಬರದೇ. ಎಲ್ಲಿಂದ ಒತ್ತಿದರೂ ಅವರಿಗೇ ಹೋಗುತ್ತದೆ. 112 ಹಾಗಲ್ಲ. ಹುಮನಾಬಾದಿನಲ್ಲಿ ಒತ್ತಿದ 112 ಕರ್ನಾಟಕದ ಕೇಂದ್ರಕ್ಕೆ ಹೋಗಬೇಕು, ಸೊಲ್ಲಾಪುರದಲ್ಲಿ ಒತ್ತಿದ್ದು ಮಹಾರಾಷ್ಟ್ರದ ಕೇಂದ್ರಕ್ಕೆ, ಜಹೀರಾಬಾದಿನಲ್ಲಿ ಒತ್ತಿದ್ದು ತೆಲಂಗಾಣದ ಕೇಂದ್ರಕ್ಕೆ. ನಂಬರು ಒಂದೇ ಆದರೂ ಸೇರುವ ಜಾಗ ಬೇರೆ.

ಹಾಗಾಗಿ ಫೋನ್ ವ್ಯವಸ್ಥೆ ಮೂರು ಕೆಲಸ ಮಾಡಬೇಕಾಗುತ್ತದೆ. ಒಂದು, ಇದು ತುರ್ತು ಕರೆ ಎಂದು ಗುರುತಿಸಬೇಕು. ಎರಡು, ಯಾವ ಕೇಂದ್ರಕ್ಕೆ ಕಳಿಸಬೇಕೆಂದು ತೀರ್ಮಾನಿಸಬೇಕು. ಮೂರು, ಕರೆ ಮಾಡಿದವರು ಎಲ್ಲಿದ್ದಾರೆ ಎಂಬುದನ್ನು ಆ ಕೇಂದ್ರಕ್ಕೆ ತಿಳಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆಂಬುಲೆನ್ಸ್ ತಡವಾಗುತ್ತದೆ. ಲಾಡ್ಜಿನ ಉದಾಹರಣೆಯಲ್ಲಿ ಮೊದಲ ಕೆಲಸವೇ ತಪ್ಪಿತ್ತು.

ಹಳೆಯ ಲ್ಯಾಂಡ್‌ಲೈನಿಗೆ ಊರು ಗೊತ್ತಿತ್ತು

ಬಸವಕಲ್ಯಾಣದ ಎಸ್‌ಟಿಡಿ ಕೋಡ್ 08481, ಬೀದರಿನದು 08482, ಹುಮನಾಬಾದಿನದು 08483. ಹಳೆಯ ಲ್ಯಾಂಡ್‌ಲೈನಿನಲ್ಲಿ ನಂಬರು ನೋಡಿದರೆ ಊರು ತಿಳಿಯುತ್ತಿತ್ತು. ತಾಮ್ರದ ತಂತಿ ಮನೆಯಿಂದ ಅದೇ ಊರಿನ ಎಕ್ಸ್‌ಚೇಂಜಿಗೆ ಹೋಗುತ್ತಿತ್ತು. ಆ ತಂತಿ ಯಾರ ಮನೆಯದು ಎಂದು ಎಕ್ಸ್‌ಚೇಂಜಿನ ದಾಖಲೆಯಲ್ಲಿ ವಿಳಾಸ ಸಮೇತ ಇರುತ್ತಿತ್ತು. ಫೋನನ್ನು ಎತ್ತಿಕೊಂಡು ಬೇರೆ ಊರಿಗೆ ಹೋದರೆ ಅದು ಕೆಲಸ ಮಾಡುತ್ತಿರಲಿಲ್ಲ. ಈ ಅನನುಕೂಲವೇ ತುರ್ತು ಕರೆಗೆ ಅನುಕೂಲವಾಗಿತ್ತು.

ಇನ್ನೊಂದು ಲಾಭವೂ ಇತ್ತು. ಆ ಫೋನಿಗೆ ಬೇಕಾದ ಕರೆಂಟು ತಂತಿಯಲ್ಲೇ ಬರುತ್ತಿತ್ತು. ಎಕ್ಸ್‌ಚೇಂಜಿನಲ್ಲಿ 48 ವೋಲ್ಟಿನ ಬ್ಯಾಟರಿಗಳು ಇರುತ್ತಿದ್ದವು. ಊರಿಗೆಲ್ಲ ಕರೆಂಟ್ ಹೋಗಿ ಕತ್ತಲಾದರೂ ಲ್ಯಾಂಡ್‌ಲೈನಿನಲ್ಲಿ ಡಯಲ್ ಟೋನ್ ಕೇಳುತ್ತಿದ್ದುದು ಈ ಕಾರಣಕ್ಕೆ.

ಇಂಟರ್‌ನೆಟ್ಟಿಗೆ ಊರು ಗೊತ್ತಿಲ್ಲ

ಹುಮನಾಬಾದಿನಲ್ಲಿ ಕೂತು ಇಂಟರ್‌ನೆಟ್ ತೆರೆದಾಗ ಹವಾಮಾನದ ಪುಟ ನಿಮಗೆ ಬೆಂಗಳೂರಿನ ಅಥವಾ ಹೈದರಾಬಾದಿನ ಮಳೆ ತೋರಿಸಿದ್ದನ್ನು ನೋಡಿರಬಹುದು. ಕಾರಣ ಸರಳ. ಇಂಟರ್‌ನೆಟ್ಟಿನಲ್ಲಿ ನಿಮ್ಮ ಗುರುತು ಐಪಿ ವಿಳಾಸ. ಹೆಸರು ವಿಳಾಸ ಎಂದಿದ್ದರೂ ಅದರಲ್ಲಿ ಊರು, ಕೇರಿ ಇಲ್ಲ. ಕಂಪನಿ ತನ್ನ ಸಾವಿರಾರು ಗ್ರಾಹಕರನ್ನು ದೊಡ್ಡ ಊರಿನ ಒಂದೇ ದ್ವಾರದಿಂದ ಹೊರಗೆ ಕಳಿಸುತ್ತದೆ. ಹೊರಗಿನವರಿಗೆ ಎಲ್ಲರೂ ಆ ದೊಡ್ಡ ಊರಿನವರಂತೆ ಕಾಣುತ್ತಾರೆ.

ಮಳೆಯ ಸುದ್ದಿ ತಪ್ಪಿದರೆ ನಷ್ಟವಿಲ್ಲ, ಆಂಬುಲೆನ್ಸ್ ತಪ್ಪಿದರೆ ಜೀವ ಹೋಗಬಹುದು. ಹುಮನಾಬಾದ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಮುಖ್ಯ ಕಚೇರಿ ಹೈದರಾಬಾದಿನಲ್ಲಿದೆ ಎಂದುಕೊಳ್ಳಿ. ಎರಡೂ ಕಡೆಯ ಫೋನುಗಳು ಇಂಟರ್‌ನೆಟ್ ಮೂಲಕ ಒಂದೇ ಯಂತ್ರಕ್ಕೆ ಸೇರಿವೆ, ಹೊರಗೆ ಹೋಗುವ ಲೈನುಗಳೆಲ್ಲ ಹೈದರಾಬಾದಿನಲ್ಲಿವೆ. ಹುಮನಾಬಾದಿನ ಕಾವಲುಗಾರ ಬೆಂಕಿ ಕಂಡು 112 ಒತ್ತಿದರೆ ಕರೆ ಹೈದರಾಬಾದಿನಿಂದ ಹೊರಟಂತಾಗುತ್ತದೆ. ಎತ್ತುವವರು ತೆಲಂಗಾಣದ ಕೇಂದ್ರದವರು. ಅವರಿಗೆ ಕಾಣುವುದು 040ರಿಂದ ಶುರುವಾಗುವ ನಂಬರು. ಕಾವಲುಗಾರ ಕನ್ನಡದಲ್ಲಿ "ಇಲ್ಲಿ ಬೆಂಕಿ ಬಿದ್ದಿದೆ" ಎಂದರೆ ಆ "ಇಲ್ಲಿ" ಎಲ್ಲಿ ಎಂದು ತಿಳಿಯಲು ಎಷ್ಟು ನಿಮಿಷ ಬೇಕು?

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಇಂಟರ್‌ನೆಟ್ಟಿನ ನಿಯಮಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ 2008ರಲ್ಲೇ ಇದಕ್ಕೆ ಮಾನದಂಡ ಪ್ರಕಟಿಸಿದೆ. ಅದರಂತೆ ಫೋನು ತಾನಿರುವ ಜಾಗವನ್ನು ಒಂದು ಸರ್ವರಿಗೆ ಹೇಳಿ, ಆ ಜಾಗಕ್ಕೆ ಯಾವ ತುರ್ತು ಕೇಂದ್ರ ಎಂದು ಕೇಳಿ ತಿಳಿಯಬಹುದು. ಆದರೆ ಮಾನದಂಡ ಇದ್ದರೆ ಸಾಲದು. ಫೋನ್ ಕಂಪನಿ, ತುರ್ತು ಕೇಂದ್ರ, ಕಟ್ಟಡದ ಮಾಲೀಕ ಮೂವರೂ ಅದನ್ನು ಅಳವಡಿಸಿಕೊಳ್ಳಬೇಕು.

ಯಾವ ಫೋನಿನಿಂದ ಏನಾಗುತ್ತದೆ?

ವಾಟ್ಸಾಪ್‌ನಂಥ ಆ್ಯಪ್‌ಗಳಿಂದ 112ಕ್ಕಾಗಲಿ 108ಕ್ಕಾಗಲಿ ಕರೆ ಹೋಗುವುದಿಲ್ಲ. ತುರ್ತು ಸೇವೆಗೆ ತನ್ನಿಂದ ಸಂಪರ್ಕ ಸಿಗುವುದಿಲ್ಲ ಎಂದು ವಾಟ್ಸಾಪ್ ತನ್ನ ನಿಬಂಧನೆಗಳಲ್ಲೇ ಹೇಳಿದೆ. ನಾವು ಓದದೆ ಒಪ್ಪಿಕೊಳ್ಳುವ ಪುಟಗಳಲ್ಲಿ ಆ ಮಾತೂ ಇದೆ.

ವೈಫೈ ಕಾಲಿಂಗ್ ಬೇರೆ. ಇದು ಸಿಮ್ ಕಂಪನಿಯೇ ಕೊಡುವ ಸೌಲಭ್ಯ, ನಂಬರೂ ನಿಮ್ಮದೇ. ನಮ್ಮ ದೇಶದಲ್ಲಿ ಇದು 2019ರ ಕೊನೆ ಮತ್ತು 2020ರ ಆರಂಭದಲ್ಲಿ ಬಂತು. ತುರ್ತು ಕರೆ ಮಾಡಿದಾಗ ಫೋನು ಸಾಮಾನ್ಯವಾಗಿ ಮೊದಲು ಟವರನ್ನೇ ಹುಡುಕುತ್ತದೆ. ಟವರ್ ಸಿಗದಿದ್ದರೆ ಮಾತ್ರ ವೈಫೈ ದಾರಿ, ಅದೂ ಫೋನು ಮತ್ತು ಕಂಪನಿ ಎರಡೂ ಒಪ್ಪಿದರೆ. ಹಾಗಾಗಿ ಇದನ್ನೇ ನೆಚ್ಚಿಕೊಂಡು ಕೂರಬಾರದು.

ಫೈಬರ್ ಲ್ಯಾಂಡ್‌ಲೈನಿನಲ್ಲಿ ನಂಬರು ಹಳೆಯದೇ ಇರಬಹುದು, ಒಳಗಿನ ದಾರಿ ಬೇರೆ. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಮನೆಯಲ್ಲಿ ಕರೆಂಟ್ ಹೋದರೆ ಗೋಡೆಯ ಮೇಲಿನ ಮೋಡೆಮ್ ಆಫ್, ಅದರ ಜೊತೆ ಫೋನೂ ಆಫ್. ಮೋಡೆಮ್ಮಿಗೆ ಸಣ್ಣ ಯುಪಿಎಸ್ ಹಾಕಿದರೆ ಈ ತೊಂದರೆ ಬಹುಪಾಲು ನೀಗುತ್ತದೆ.

ಆ್ಯಪ್‌ನಿಂದ ಸಾಮಾನ್ಯ ನಂಬರುಗಳಿಗೆ ಕರೆ ಮಾಡುವ ಇಂಟರ್‌ನೆಟ್ ದೂರವಾಣಿ ಸೇವೆಯ ಬಗ್ಗೆ ಟ್ರಾಯ್ 2017ರ ಅಕ್ಟೋಬರಿನಲ್ಲಿ ಶಿಫಾರಸು ನೀಡಿತು. ತುರ್ತು ನಂಬರಿಗೆ ಸಂಪರ್ಕ ಕೊಡುವಂತೆ ಕಂಪನಿಗಳನ್ನು ಉತ್ತೇಜಿಸಬಹುದು, ಆದರೆ ಕಡ್ಡಾಯ ಮಾಡುವುದು ಬೇಡ, ಈ ಮಿತಿಯನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕು ಎಂಬುದು ಅದರ ಸಾರ. ಮರುವರ್ಷ, 2018ರ ಜುಲೈನಲ್ಲಿ, ಬಿಎಸ್‌ಎನ್‌ಎಲ್ ವಿಂಗ್ಸ್ ಎಂಬ ಇಂಥ ಸೇವೆಯನ್ನು ಆರಂಭಿಸಿತು. ಗ್ರಾಹಕರಾಗಿ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲೇ ಇದೆ: "ನಿಮ್ಮ ಸೇವೆಯಲ್ಲಿ 112 ಸಿಗುತ್ತದೆಯೇ? ಸಿಗುವುದಾದರೆ ಯಾವ ರಾಜ್ಯಕ್ಕೆ?"

ಗಡಿಯ ತೊಂದರೆ

ರಾಷ್ಟ್ರೀಯ ಹೆದ್ದಾರಿ 65 ಪುಣೆ, ಸೊಲ್ಲಾಪುರ ಕಡೆಯಿಂದ ಬಂದು ಉಮರ್ಗಾ ದಾಟಿ ಕರ್ನಾಟಕಕ್ಕೆ ಕಾಲಿಡುತ್ತದೆ. ಬಸವಕಲ್ಯಾಣದ ಬಳಿಯ ಸಸ್ತಾಪುರ ಬಂಗ್ಲಾ, ಹುಮನಾಬಾದ್ ಹಾದು ಜಹೀರಾಬಾದ್ ಮೂಲಕ ಹೈದರಾಬಾದಿಗೆ ಹೋಗುತ್ತದೆ. ಹುಮನಾಬಾದಿನಲ್ಲೇ ಬೀದರ್ ಮತ್ತು ಕಲಬುರಗಿ ಕಡೆಯ ಹೆದ್ದಾರಿ 50 ಇದನ್ನು ಸಂಧಿಸುತ್ತದೆ. ಕೆಲವೇ ಗಂಟೆಗಳ ಪ್ರಯಾಣದಲ್ಲಿ ಮೂರು ರಾಜ್ಯ.

ಮೊಬೈಲ್ ಯಾವ ಟವರಿಗೆ ಅಂಟಿಕೊಂಡಿದೆಯೋ ಅದನ್ನು ನೋಡಿ ಕರೆಯ ದಾರಿ ತೀರ್ಮಾನವಾಗುತ್ತದೆ. ರೇಡಿಯೋ ಅಲೆಗೆ ರಾಜ್ಯದ ಗಡಿ ಕಾಣುವುದಿಲ್ಲ. ಗಡಿ ಹಳ್ಳಿಯಲ್ಲಿ ನಿಂತ ಫೋನು ಪಕ್ಕದ ರಾಜ್ಯದ ಟವರ್ ಹಿಡಿದಿದ್ದರೆ 112 ಆ ಕಡೆಗೆ ಹೋಗಬಹುದು. ಹಳ್ಳಿಗಾಡಿನಲ್ಲಿ ಒಂದು ಟವರಿನ ವ್ಯಾಪ್ತಿ ಹಲವು ಕಿಲೋಮೀಟರ್ ಇರುವುದರಿಂದ, ಟವರ್ ಒಂದನ್ನೇ ನೋಡಿ ನೀವಿರುವ ಹೊಲವನ್ನು ಹುಡುಕುವುದೂ ಕಷ್ಟ. ಜಿಪಿಎಸ್ ಮಾಹಿತಿ ಜೊತೆಗೆ ಹೋದರೆ ಮಾತು ಬೇರೆ. 2018ರ ಜನವರಿ 1ರಿಂದ ದೇಶದಲ್ಲಿ ಮಾರುವ ಎಲ್ಲ ಮೊಬೈಲುಗಳಲ್ಲಿ ಜಿಪಿಎಸ್ ಇರಬೇಕೆಂದು ನಿಯಮ ಮಾಡಿದ್ದು ಈ ಉದ್ದೇಶಕ್ಕೇ.

ಆದ್ದರಿಂದ ಬಾಯಿಂದ ಜಾಗ ಹೇಳುವುದು ಇವತ್ತಿಗೂ ಮುಖ್ಯ. ರಾಜ್ಯ, ಜಿಲ್ಲೆ, ತಾಲ್ಲೂಕು, ಊರು, ಗುರುತು, ಈ ಕ್ರಮದಲ್ಲಿ ಹೇಳಿ. "ಕರ್ನಾಟಕ, ಬೀದರ್ ಜಿಲ್ಲೆ, ಹುಮನಾಬಾದ್ ತಾಲ್ಲೂಕು, ಮಾಣಿಕನಗರ, ದೇವಸ್ಥಾನದ ಹತ್ತಿರ" ಎಂದರೆ ಎತ್ತಿದವರು ಯಾವ ರಾಜ್ಯದವರಾದರೂ ಅರ್ಥವಾಗುತ್ತದೆ. ಬಸವಕಲ್ಯಾಣದಿಂದ ಹುಲಸೂರು, ಹುಮನಾಬಾದಿನಿಂದ ಚಿಟಗುಪ್ಪಾ ಬೇರೆ ತಾಲ್ಲೂಕುಗಳಾಗಿವೆ. ನಿಮ್ಮ ಆಧಾರ್ ಕಾರ್ಡಿನಲ್ಲಿ ಇನ್ನೂ ಹಳೆಯ ತಾಲ್ಲೂಕೇ ಇದ್ದರೆ, ಫೋನ್ ಕಂಪನಿಯ ದಾಖಲೆಯಲ್ಲೂ ಅದೇ ಇರುತ್ತದೆ ಎಂಬುದು ನೆನಪಿರಲಿ. ಹೆದ್ದಾರಿಯಲ್ಲಿ ಅಪಘಾತವಾದರೆ ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿ. ರಾಷ್ಟ್ರೀಯ ಹೆದ್ದಾರಿಗೆ 1033 ಎಂಬ ಪ್ರತ್ಯೇಕ ಸಹಾಯವಾಣಿಯೂ ಇದೆ.

ಬೇರೆ ದೇಶಗಳು ಬೆಲೆ ತೆತ್ತು ಕಲಿತದ್ದು

2008ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಒಂದೂವರೆ ವರ್ಷದ ಮಗುವಿಗೆ ತೀವ್ರ ಅಸ್ವಸ್ಥತೆ ಉಂಟಾಯಿತು. ಮನೆಯವರು ಇಂಟರ್‌ನೆಟ್ ಫೋನಿನಿಂದ 911ಕ್ಕೆ ಕರೆ ಮಾಡಿದರು. ಆಂಬುಲೆನ್ಸ್ ಹೋದದ್ದು ಅವರು ಹಿಂದೆ ವಾಸವಿದ್ದ ಮಿಸ್ಸಿಸಾಗಾದ ಮನೆಗೆ, ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಕಂಪನಿಯ ದಾಖಲೆಯಲ್ಲಿ ಹಳೆಯ ವಿಳಾಸವೇ ಉಳಿದಿತ್ತು. ಮಗು ಬದುಕಲಿಲ್ಲ.

2013ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸಿನ ಮೋಟೆಲ್ ಒಂದರಲ್ಲಿ ಮಹಿಳೆಯೊಬ್ಬರ ಮೇಲೆ ಮಾರಣಾಂತಿಕ ಹಲ್ಲೆ ನಡೆಯಿತು. ಅವರ ಒಂಬತ್ತು ವರ್ಷದ ಮಗಳು ರೂಮಿನ ಫೋನಿನಿಂದ ನಾಲ್ಕು ಬಾರಿ 911 ಒತ್ತಿದಳು. ಕರೆ ಹೋಗಲಿಲ್ಲ. ಹೊರ ಲೈನಿಗೆ ಮೊದಲು 9 ಒತ್ತಬೇಕೆಂದು ಆ ಮಗುವಿಗೆ ಗೊತ್ತಿರಲಿಲ್ಲ. ತಾಯಿ ತೀರಿಕೊಂಡರು. ಅವರ ಹೆಸರಿನಲ್ಲೇ "ಕೇರಿ ಕಾನೂನು" 2018ರಲ್ಲಿ ಬಂತು, 2020ರ ಫೆಬ್ರವರಿಯಿಂದ ಜಾರಿಯಾಯಿತು. ಹೋಟೆಲ್, ಕಚೇರಿಗಳ ಹೊಸ ಫೋನ್ ವ್ಯವಸ್ಥೆಯಲ್ಲಿ ಮುಂದೆ ಯಾವ ಅಂಕಿಯನ್ನೂ ಸೇರಿಸದೆ ನೇರವಾಗಿ 911 ಹೋಗಬೇಕು, ಕರೆ ಹೋದ ಕೂಡಲೇ ಕಟ್ಟಡದ ಸಿಬ್ಬಂದಿಗೂ ಸೂಚನೆ ಸಿಗಬೇಕು ಎಂದು ಅದು ಹೇಳುತ್ತದೆ.

ನಮ್ಮ ಲಾಡ್ಜು, ಆಸ್ಪತ್ರೆಗಳಿಗೂ ಈ ಎರಡು ಪಾಠ ಹಾಗೇ ಹೊಂದುತ್ತವೆ: ವಿಳಾಸ ಬದಲಾದರೆ ದಾಖಲೆಯೂ ಬದಲಾಗಬೇಕು, ಮಗು ಒತ್ತಿದರೂ ಕರೆ ಹೋಗಬೇಕು.

ಮೂರು ತಪ್ಪು ನಂಬಿಕೆಗಳು

"ಸಿಗ್ನಲ್ ಇಲ್ಲದಿದ್ದರೂ 112 ಹೋಗುತ್ತದೆ." ಇದು ಅರ್ಧ ಸತ್ಯ. ನಿಮ್ಮ ಕಂಪನಿಯ ಟವರ್ ಇಲ್ಲದಿದ್ದರೆ ಫೋನು ಬೇರೆ ಕಂಪನಿಯ ಟವರ್ ಮೂಲಕ ತುರ್ತು ಕರೆ ಮಾಡಲು ಪ್ರಯತ್ನಿಸುತ್ತದೆ. ಯಾವ ಕಂಪನಿಯ ಟವರೂ ಇಲ್ಲದ ಕಡೆ ಕರೆ ಹೋಗುವುದಿಲ್ಲ.

"ಬ್ಯಾಟರಿ ಮುಗಿದಾಗ ಸ್ಟಾರ್ 3370 ಹ್ಯಾಶ್ ಒತ್ತಿದರೆ ಒಳಗೆ ಬಚ್ಚಿಟ್ಟ ಚಾರ್ಜ್ ಸಿಗುತ್ತದೆ." ಮೇಲಿನ ಮಾತಿನ ಜೊತೆಯಲ್ಲೇ ವರ್ಷಗಳಿಂದ ಸುತ್ತುತ್ತಿರುವ ಸಂದೇಶ ಇದು. ಹಳೆಯ ನೋಕಿಯಾ ಫೋನುಗಳಲ್ಲಿ ಈ ಕೋಡ್ ಧ್ವನಿಯ ಗುಣಮಟ್ಟ ಹೆಚ್ಚಿಸುತ್ತಿತ್ತು. ಅದರಿಂದ ಬ್ಯಾಟರಿ ಉಳಿಯುತ್ತಿರಲಿಲ್ಲ, ಇನ್ನೂ ಬೇಗ ಖಾಲಿಯಾಗುತ್ತಿತ್ತು.

"ನನ್ನ ಊರಿನ ಸಿಮ್ ಇದೆ, ಎಲ್ಲಿಂದ ಒತ್ತಿದರೂ ನನ್ನ ಊರಿನ ಪೊಲೀಸರು ಎತ್ತುತ್ತಾರೆ." ತಪ್ಪು. ಪುಣೆಯಲ್ಲಿರುವ ಮಗ ವೀಡಿಯೋ ಕಾಲಿನಲ್ಲಿ ಮಾತಾಡುವಾಗ ಹುಮನಾಬಾದಿನಲ್ಲಿ ಅವ್ವ ಕುಸಿದು ಬಿದ್ದರೆ, ಅವನು ಒತ್ತಿದ 112 ಎತ್ತುವವರು ಮಹಾರಾಷ್ಟ್ರದವರು. ದುಬೈಯಲ್ಲೋ ಅಮೆರಿಕದಲ್ಲೋ ಇದ್ದರೆ ಆ ದೇಶದವರು. ದೂರದ ಮಕ್ಕಳಿಗೆ ಬೇಕಾದದ್ದು ಕೋಡ್ ಸಮೇತ ಪೂರ್ತಿ ನಂಬರುಗಳು: ಊರಿನ ಪೊಲೀಸ್ ಠಾಣೆ, ತಾಲ್ಲೂಕು ಆಸ್ಪತ್ರೆ, ಪಕ್ಕದ ಮನೆಯ ಕಾಕಾ, ಗಾಡಿ ಇರುವ ಒಬ್ಬ ಪರಿಚಯಸ್ಥ. ವಿದೇಶದಿಂದ ಹುಮನಾಬಾದಿನ ಲ್ಯಾಂಡ್‌ಲೈನಿಗಾದರೆ 08483ರ ಮೊದಲ ಸೊನ್ನೆ ಬಿಟ್ಟು, ಪ್ಲಸ್ 91 ಸೇರಿಸಿ ಬರೆದಿಡಿ.

112 ಒತ್ತದೆ ಪರೀಕ್ಷಿಸುವುದು ಹೇಗೆ?

"ಒಮ್ಮೆ ಒತ್ತಿ ನೋಡೋಣ" ಎಂದು ಮಾಡಬೇಡಿ. ನೀವು ಸುಮ್ಮನೆ ಹಿಡಿದ ಲೈನು ಆ ಹೊತ್ತಿಗೆ ಇನ್ನೊಬ್ಬರಿಗೆ ಸಿಗುವುದಿಲ್ಲ. ಕೈತಪ್ಪಿ ಹೋದರೆ ತಟ್ಟನೆ ಕತ್ತರಿಸಬೇಡಿ, ತಪ್ಪಿ ಬಂತೆಂದು ಹೇಳಿ ಇಡಿ. ಸುಮ್ಮನಾದರೆ ಏನೋ ಅನಾಹುತವಾಗಿದೆ ಎಂದು ಅವರು ವಾಪಸ್ ಕರೆ ಮಾಡಬೇಕಾಗುತ್ತದೆ.

ಅಮೆರಿಕದಲ್ಲಿ ಹಲವು ಇಂಟರ್‌ನೆಟ್ ಫೋನ್ ಕಂಪನಿಗಳು 933 ಎಂಬ ಪರೀಕ್ಷಾ ನಂಬರು ಕೊಟ್ಟಿವೆ. ಒತ್ತಿದರೆ ಯಂತ್ರವೊಂದು ನಿಮ್ಮ ನಂಬರು ಮತ್ತು ದಾಖಲೆಯಲ್ಲಿರುವ ವಿಳಾಸವನ್ನು ಓದಿ ಹೇಳುತ್ತದೆ. ಯಾರಿಗೂ ತೊಂದರೆಯಿಲ್ಲದೆ ಪರೀಕ್ಷೆ ಮುಗಿಯುತ್ತದೆ. ನಮ್ಮಲ್ಲಿ ಲಾಡ್ಜು, ಆಸ್ಪತ್ರೆ, ಕಾರ್ಖಾನೆಯವರು ಕೆಳಗಿನ ಕ್ರಮದಲ್ಲಿ ಹೋಗಬಹುದು.

ಮೊದಲು ಎಕ್ಸ್‌ಟೆನ್ಶನ್ ಪಟ್ಟಿ ನೋಡಿ. ನಮ್ಮ ದೇಶದಲ್ಲಿ 1ರಿಂದ ಶುರುವಾಗುವ ಚಿಕ್ಕ ನಂಬರುಗಳು ವಿಶೇಷ ಸೇವೆಗಳಿಗೆ ಮೀಸಲು. ಹಾಗಾಗಿ ಒಳಗಿನ ನಂಬರುಗಳನ್ನು 1ರಿಂದ ಶುರು ಮಾಡಲೇಬೇಡಿ. 108ನೇ ರೂಮಿಗೆ 2108 ಎಂದು ಕೊಟ್ಟರೆ ಗೊಂದಲ ತಪ್ಪುತ್ತದೆ.

ಎರಡನೆಯದು, 112 ಮತ್ತು 0 ಸೇರಿಸಿದ 0112 ಎರಡೂ ಹೋಗುವಂತೆ ಮಾಡಿಸಿ. ಇಲ್ಲಿ ಒಂದು ತೊಡಕಿದೆ. ದೆಹಲಿಯ ಎಸ್‌ಟಿಡಿ ಕೋಡ್ 011, ಅಲ್ಲಿನ ಬಹಳಷ್ಟು ಲ್ಯಾಂಡ್‌ಲೈನುಗಳು 2ರಿಂದ ಶುರು. ಸೆಟ್ಟಿಂಗ್ ಸರಿಯಿಲ್ಲದಿದ್ದರೆ ಯಂತ್ರ 0112 ಎಂಬುದನ್ನು ದೆಹಲಿ ನಂಬರಿನ ಆರಂಭ ಎಂದು ತಿಳಿದು ಉಳಿದ ಅಂಕಿಗಳಿಗಾಗಿ ಕಾಯುತ್ತಾ ಕೂರುತ್ತದೆ.

ಮೂರನೆಯದು, ಟೆಕ್ನಿಷಿಯನ್‌ನನ್ನು ಕರೆಸಿ 112, 108, 101 ಒತ್ತಿದಾಗ ಕರೆ ತಾತ್ಕಾಲಿಕವಾಗಿ ಮ್ಯಾನೇಜರ್ ಮೊಬೈಲಿಗೆ ಬರುವಂತೆ ಮಾಡಿಸಿ. ಆಮೇಲೆ ಪ್ರತಿ ಫೋನಿನಿಂದಲೂ ಒತ್ತಿ ನೋಡಿ. ರಿಸೆಪ್ಷನ್, ಅಡುಗೆಮನೆ, ಗೇಟು ಯಾವುದನ್ನೂ ಬಿಡಬೇಡಿ. ಮುಗಿದ ಮೇಲೆ ಮೊದಲಿನಂತೆ ಮಾಡಿದ್ದನ್ನು ಇಬ್ಬರು ನೋಡಿ ಖಚಿತಪಡಿಸಬೇಕು. ಇದನ್ನು ಮರೆತರೆ ಪರೀಕ್ಷೆಯೇ ಅಪಾಯವಾಗುತ್ತದೆ.

ನಾಲ್ಕನೆಯದು, ಪ್ರತಿ ಫೋನಿನಿಂದ ನಿಮ್ಮದೇ ಮೊಬೈಲಿಗೆ ಒಂದು ಸಾಮಾನ್ಯ ಕರೆ ಮಾಡಿ. ಯಾವ ನಂಬರು ಕಾಣುತ್ತದೆ? ಆ ನಂಬರಿಗೆ ವಾಪಸ್ ಮಾಡಿದರೆ ಯಾರಾದರೂ ಎತ್ತುತ್ತಾರೆಯೇ? ಕರೆ ತುಂಡಾದರೆ ತುರ್ತು ಕೇಂದ್ರದವರು ವಾಪಸ್ ಮಾಡುವುದು ಅದಕ್ಕೇ. ಹುಮನಾಬಾದಿನ ಫೋನಿನಿಂದ ಮಾಡಿದಾಗ 040 ಕಂಡರೆ ಎಚ್ಚರಗೊಳ್ಳಿ.

ಐದನೆಯದು, ಮೇನ್ ಸ್ವಿಚ್ ಆರಿಸಿ. ಫೋನು ಎಷ್ಟು ಹೊತ್ತು ಬದುಕಿರುತ್ತದೆ ಎಂದು ಗಡಿಯಾರ ನೋಡಿ ಬರೆದಿಡಿ. ಇಂಟರ್‌ನೆಟ್ ತಂತಿ ಕಿತ್ತು ಇನ್ನೊಮ್ಮೆ ನೋಡಿ.

ಕೊನೆಯದಾಗಿ, ಕಂಪನಿಯಿಂದ ಲಿಖಿತ ಉತ್ತರ ಕೇಳಿ: ಈ ವಿಳಾಸದಿಂದ ಮಾಡಿದ 112 ಯಾವ ರಾಜ್ಯದ ಕೇಂದ್ರಕ್ಕೆ ಹೋಗುತ್ತದೆ, ದಾಖಲೆಯಲ್ಲಿ ಯಾವ ವಿಳಾಸವಿದೆ? ನಿಜವಾದ ಕರೆಯನ್ನೇ ಮಾಡಿ ನೋಡಬೇಕೆಂದಿದ್ದರೆ ಜಿಲ್ಲಾ ಪೊಲೀಸರಿಗೆ ಮೊದಲೇ ಬರೆದು, ಅವರು ಒಪ್ಪಿದ ಸಮಯದಲ್ಲಿ ಮಾತ್ರ ಮಾಡಿ.

ಇಷ್ಟೆಲ್ಲ ಮಾಡಿದ ಮೇಲೂ ಸಣ್ಣ ಕೆಲಸವೊಂದು ಉಳಿಯುತ್ತದೆ. ಪ್ರತಿ ಫೋನಿನ ಪಕ್ಕ ಒಂದು ಚೀಟಿ ಅಂಟಿಸಿ: ಕಟ್ಟಡದ ಹೆಸರು, ರಸ್ತೆ, ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ರೂಮ್ ನಂಬರು. ಪರ ಊರಿನಿಂದ ಬಂದವರಿಗೆ ತಾವಿರುವ ಬೀದಿಯ ಹೆಸರು ಗೊತ್ತಿರುವುದಿಲ್ಲ, ಗಾಬರಿಯಲ್ಲಿ ಊರಿನವರಿಗೂ ನೆನಪಾಗುವುದಿಲ್ಲ. ಕನ್ನಡದ ಜೊತೆ ಹಿಂದಿ, ಮರಾಠಿ, ತೆಲುಗಿನಲ್ಲೂ ಬರೆದರೆ ಈ ಹೆದ್ದಾರಿಯ ಲಾಡ್ಜುಗಳಿಗೆ ಒಳ್ಳೆಯದು. 204ನೇ ರೂಮಿನ ಆ ಹೆಂಗಸು ಫೋನೆತ್ತಿದಾಗ ಕರೆ ಸರಿಯಾದ ಕಡೆಗೆ ಹೋಗಿ, ಕಣ್ಣೆದುರಿನ ಚೀಟಿ ನೋಡಿ ವಿಳಾಸ ಓದಿ ಹೇಳುವಂತಾದರೆ, ಆಂಬುಲೆನ್ಸಿನವರಿಗೆ ದಾರಿ ಹುಡುಕುವುದರಲ್ಲಿ ಸಮಯ ಹೋಗುವುದಿಲ್ಲ.